ಚರ್ಚಿಗೆ 20 ಎಸಿ, ವಾರಕ್ಕೆ 10 ಗಂಟೆ: ಸೆಕೆಯ ಲೆಕ್ಕ ಹಾಕುವುದು ಹೇಗೆ?

2025ರ ಸೆಪ್ಟೆಂಬರ್ 22ರಿಂದ ಎಸಿ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅದೇ ದಿನ ಸೋಲಾರ್ ಪ್ಯಾನೆಲ್‌ಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಬಂತು. ಅದಕ್ಕೆ ಮೂರು ತಿಂಗಳ ಮುಂಚೆ, ಹೊಸ ಎಸಿಗಳು 20 ಡಿಗ್ರಿಗಿಂತ ಕೆಳಗೆ ಹೋಗದಂತೆ ನಿಯಮ ತರುತ್ತೇವೆ ಎಂದು ಕೇಂದ್ರ ಇಂಧನ ಸಚಿವರು ಹೇಳಿದ್ದರು. ಅದೇ ತಿಂಗಳಲ್ಲಿ ಪರಿಸರ ಸಚಿವರು, ಅಂಥ ನಿಯಮ ಬೇಕಾಗುವ ಪರಿಸ್ಥಿತಿ ಬಂದರೂ 2050ರ ನಂತರವಷ್ಟೇ ಎಂದುಬಿಟ್ಟರು. ಎಸಿ ಅಗ್ಗ ಮಾಡುವವರೂ ಸರ್ಕಾರವೇ, ಜಾಸ್ತಿ ತಂಪು ಮಾಡಬೇಡಿ ಎನ್ನುವವರೂ ಸರ್ಕಾರವೇ. ಕೇಳಿದವರಿಗೆ ತಲೆ ಕೆಡದೆ ಇರುತ್ತದೆಯೇ?

ಮನೆಯ ವಿಚಾರವಾದರೆ ಹೇಗೋ ತೀರ್ಮಾನ ಮಾಡಬಹುದು. ಮೈಸೂರಿನ ಚರ್ಚುಗಳ ಪಾಲನಾ ಸಮಿತಿಗಳಿಗೆ ಮಾತ್ರ ಇದು ಸುಲಭದ ಪ್ರಶ್ನೆಯಲ್ಲ. ತೆರಿಗೆ ಇಳಿದಿದೆ, ಈಗಲೇ ಎಸಿ ಹಾಕಿಸೋಣವೇ? ಸೋಲಾರ್ ಕೂರಿಸಿದರೆ ಕರೆಂಟು ಪುಕ್ಕಟೆಯಲ್ಲವೇ? ಸಬ್ಸಿಡಿ ನಮಗೂ ಸಿಗುತ್ತದೆಯೇ? ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಮೂರನ್ನೂ ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ಗೊಂದಲ ಜಾಸ್ತಿಯಾಗಿದೆ.

ಹಬ್ಬ ಬರುವುದೇ ಧಗೆಯ ಹೊತ್ತಿಗೆ

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ವರ್ಷದ ಬಹುಪಾಲು ದಿನ ಇಲ್ಲಿ ಫ್ಯಾನಿದ್ದರೆ ಸಾಕು. ತೊಂದರೆ ಮಾರ್ಚ್‌ನಿಂದ ಮೇ ತನಕ. ಏಪ್ರಿಲ್ ಹಗಲು 35 ಡಿಗ್ರಿ ಆಸುಪಾಸು, ರಾತ್ರಿ 21-22.

ಕ್ರೈಸ್ತರು ಉಪವಾಸ ಇರುವ ತಪಸ್ಸುಕಾಲದ ಬಹುಭಾಗವೂ ಅದರ ಕೊನೆಯ ಪವಿತ್ರ ವಾರವೂ ಬರುವುದು ಈ ತಿಂಗಳುಗಳಲ್ಲೇ. 2025ರಲ್ಲಿ ಶುಭ ಶುಕ್ರವಾರ (ಗುಡ್ ಫ್ರೈಡೇ) ಏಪ್ರಿಲ್ 18ಕ್ಕೆ ಬಂದಿತ್ತು, 2026ರಲ್ಲಿ ಏಪ್ರಿಲ್ 3ಕ್ಕೆ. ಕಥೋಲಿಕ ಚರ್ಚುಗಳಲ್ಲಿ ಅಂದಿನ ಮುಖ್ಯ ಪ್ರಾರ್ಥನೆ ಸಾಮಾನ್ಯವಾಗಿ ಮಧ್ಯಾಹ್ನ 3 ಗಂಟೆಗೆ. ಅಂದರೆ ವರ್ಷದಲ್ಲಿ ಜನ ಹೆಚ್ಚು ಸೇರುವ ದಿನಗಳಲ್ಲೊಂದೂ, ದಿನದಲ್ಲಿ ಬಿಸಿಲು ಕಾದಿರುವ ಗಳಿಗೆಯೂ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಉಪವಾಸ ಇರುವ ಹಿರಿಯರಿಗೆ ಅದು ಬರೀ ಕಿರಿಕಿರಿಯ ವಿಷಯವಲ್ಲ. ಆದ್ದರಿಂದ ಎಸಿ ಬೇಕು ಎನ್ನುವವರನ್ನು ಸುಖ ಬಯಸುವವರು ಎಂದು ತಳ್ಳಿಹಾಕುವುದು ತಪ್ಪು.

ಬಿಸಿ ಬರುವುದು ಎಲ್ಲಿಂದ?

ಮೈಸೂರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ಹತ್ತು ದಿನಗಳ ಹೊತ್ತಿಗೆ ಇಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಆಗ ಗೋಡೆಗೆ ಬೀಳುವ ಬಿಸಿಲು ಕಡಿಮೆ. ಬಹುತೇಕ ಎಲ್ಲವೂ ಚಾವಣಿಯ ಮೇಲೆ.

ಇನ್ನೊಂದು ಸಂಗತಿ ಇದೆ. ಬಲಿಪೀಠ ಪೂರ್ವಕ್ಕಿರಬೇಕು ಎಂಬ ಹಳೇ ಪದ್ಧತಿಯಂತೆ ಕಟ್ಟಿದ ಚರ್ಚುಗಳಲ್ಲಿ ಉದ್ದನೆಯ ಗೋಡೆಗಳು ಉತ್ತರಕ್ಕೂ ದಕ್ಷಿಣಕ್ಕೂ ಮುಖ ಮಾಡಿರುತ್ತವೆ. ನಮ್ಮ ಊರಿನ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ದಿಕ್ಕು ಸಿಗಲಾರದು. ಕಟ್ಟಿದವರು ಸೆಕೆಯನ್ನು ನೆನೆದು ಕಟ್ಟಿದ್ದಲ್ಲ, ಆದರೂ ಲಾಭ ಸಿಕ್ಕಿದೆ. ಪಡುವಣದ ಮುಂಬಾಗಿಲು ಮಾತ್ರ ಸಂಜೆ ಬಿಸಿಲಿಗೆ ಸಿಗುತ್ತದೆ. ಸಂಜೆ ಪೂಜೆಗೆ ಹಿಂದಿನ ಸಾಲಿನಲ್ಲಿ ಕೂರುವವರಿಗೆ ಅದು ಗೊತ್ತೇ ಇರುತ್ತದೆ.

ಚಾವಣಿ ಯಾವುದು ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ. ಮಂಗಳೂರು ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಮೇಲೇರಿ ಹೊರಗೆ ಹೋಗುತ್ತದೆ. ಆರ್‌ಸಿಸಿ ತಾರಸಿ ಹಗಲೆಲ್ಲ ಬಿಸಿ ಕುಡಿದು, ಸಂಜೆ ಆರರ ಪೂಜೆಯ ಹೊತ್ತಿಗೆ ಅದನ್ನು ಕೆಳಗೆ ಸುರಿಯುತ್ತದೆ. ಲೋಹದ ಶೀಟು ಮಧ್ಯಾಹ್ನವೇ ಕಾದ ಕಾವಲಿಯಂತಾಗುತ್ತದೆ, ಸಂಜೆಗೆ ಬೇಗ ಆರುತ್ತದೆ. ಹೆಂಚು ತೆಗೆದು ಶೀಟು ಹಾಕಿ, ಅದು ಕಾಣಬಾರದು ಎಂದು ಕೆಳಗೆ ಫಾಲ್ಸ್ ಸೀಲಿಂಗ್ ಕೂರಿಸಿ, ಆ ಭರದಲ್ಲಿ ಮೇಲಿನ ಗಾಳಿಕಂಡಿಗಳನ್ನು ಮುಚ್ಚಿಬಿಟ್ಟರೆ ಬಿಸಿಗಾಳಿಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ಆಮೇಲೆ 'ಮುಂಚೆ ಇಷ್ಟು ಸೆಕೆ ಇರಲಿಲ್ಲ' ಎಂಬ ದೂರು. ಹೊರಗಿನ ಬಿಸಿಲೂ ಏರಿದೆ ನಿಜ, ಆದರೆ ಕಟ್ಟಡವನ್ನೂ ನಾವು ಬದಲಾಯಿಸಿದ್ದೇವೆ ಅಲ್ವಾ?

ಇನ್ನು ಜನರ ಲೆಕ್ಕ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಬಿಸಿ ಹೊರಬೀಳುತ್ತದೆ. 500 ಜನ ಸೇರಿದರೆ 50 ಕಿಲೋವಾಟ್, ಅಂದರೆ ಒಂದು ಕಿಲೋವಾಟಿನ 50 ಹೀಟರ್‌ಗಳನ್ನು ಒಟ್ಟಿಗೆ ಹಚ್ಚಿಟ್ಟ ಹಾಗೆ. ಉಸಿರು ಮತ್ತು ಬೆವರಿನಿಂದ ಗಂಟೆಗೆ 25 ಲೀಟರಿನಷ್ಟು ನೀರಿನ ಆವಿಯೂ ಸೇರುತ್ತದೆ. ಮನೆಗೆ ತರಿಸುವ ದೊಡ್ಡ ಕುಡಿಯುವ ನೀರಿನ ಕ್ಯಾನಿನಲ್ಲಿ ಇರುವುದು 20 ಲೀಟರ್. ಏರ್ ಕೂಲರ್ ಇಟ್ಟ ಸಭಾಂಗಣ ಅರ್ಧ ಗಂಟೆಯಲ್ಲಿ ಜಿಗುಟು ಜಿಗುಟಾಗುವುದಕ್ಕೆ ಕಾರಣ ಇದೇ. ಕೂಲರ್ ಗಾಳಿಗೆ ಇನ್ನಷ್ಟು ತೇವ ಸೇರಿಸುತ್ತದೆ. ಕಿಟಕಿ ತೆರೆದಿದ್ದರೆ ಮೈಸೂರಿನ ಒಣ ಮಧ್ಯಾಹ್ನಗಳಲ್ಲಿ ಅದು ಕೆಲಸ ಮಾಡೀತು. ನಾಲೆ, ಗದ್ದೆಗಳ ನಡುವೆ ಇರುವ ಮಂಡ್ಯ ಕಡೆಯ ಊರುಗಳಲ್ಲಿ ಅಷ್ಟೂ ನಿರೀಕ್ಷೆ ಬೇಡ.

ತೆರಿಗೆ ಉಳಿಯಿತು, ನಿಗದಿತ ಶುಲ್ಕ ಬಂತು

ಈಗ ಎಸಿಯ ಲೆಕ್ಕಕ್ಕೆ ಬರೋಣ. ಉದಾಹರಣೆಗೆ 500 ಜನ ಕೂರುವ ಒಂದು ಚರ್ಚು. ಉದ್ದ 30 ಮೀಟರ್, ಅಗಲ 14, ಎತ್ತರ 9. ಒಳಗಿನ ಗಾಳಿಯ ಗಾತ್ರ 3,780 ಘನ ಮೀಟರ್. ಮನೆಯ ಒಂದು ಸಾಧಾರಣ ಕೋಣೆಯ ನೂರು ಪಟ್ಟು.

ಒಂದು ಟನ್ ಎಸಿ ಅಂದರೆ ಸುಮಾರು 3.5 ಕಿಲೋವಾಟ್ ಬಿಸಿ ಹೊರಹಾಕುವ ಶಕ್ತಿ. ಜನರ ಮೈಬಿಸಿಗೇ 14 ಟನ್ ಬೇಕು. ಚಾವಣಿ, ಗೋಡೆ, ಬಾಗಿಲು ತೆರೆದಾಗ ನುಗ್ಗುವ ಗಾಳಿ ಎಲ್ಲ ಸೇರಿದರೆ 30 ಟನ್ನಿಗೆ ಕಮ್ಮಿಯಾಗದು. ಒಂದೂವರೆ ಟನ್ನಿನ 20 ಸ್ಪ್ಲಿಟ್ ಎಸಿ ಎಂದುಕೊಳ್ಳಿ. ಒಂದೊಂದು 1.6 ಕಿಲೋವಾಟ್ ಎಳೆದರೂ ಒಟ್ಟು 32 ಕಿಲೋವಾಟ್.

ತೆರಿಗೆ ಇಳಿದಿದ್ದರಿಂದ ಉಳಿದದ್ದೆಷ್ಟು? ಶೇ. 10 ಎಂದು ಎಲ್ಲರೂ ಹೇಳುತ್ತಾರೆ, ಅದು ಸರಿಯಲ್ಲ. 100 ರೂಪಾಯಿಯ ಸಾಮಾನಿಗೆ ಮೊದಲು 128 ಕೊಡುತ್ತಿದ್ದೆವು, ಈಗ 118. ಅಂಗಡಿಯ ಬೆಲೆಯಲ್ಲಿ ಇಳಿದದ್ದು ಶೇ. 8ಕ್ಕಿಂತ ಸ್ವಲ್ಪ ಕಡಿಮೆ. ಒಂದಕ್ಕೆ 40,000 ರೂಪಾಯಿಯಂತೆ 20 ಎಸಿಗೆ ಹಳೇ ದರದಲ್ಲಿ 8 ಲಕ್ಷ ಆಗುತ್ತಿತ್ತು ಎಂದಿಟ್ಟುಕೊಂಡರೆ, ಉಳಿತಾಯ ಸುಮಾರು 62,000 ರೂಪಾಯಿ. ಒಮ್ಮೆ ಮಾತ್ರ.

ಕರೆಂಟ್ ಬಿಲ್ಲಿನಲ್ಲಿ ಎರಡು ಭಾಗ ಇರುತ್ತದೆ. ಒಂದು, ಬಳಸಿದ ಯೂನಿಟ್‌ಗೆ ಕೊಡುವ ಹಣ. ಇನ್ನೊಂದು ನಿಗದಿತ ಶುಲ್ಕ. ನಿಮಗೆ ಎಷ್ಟು ಕಿಲೋವಾಟ್ ಲೋಡ್ ಮಂಜೂರಾಗಿದೆಯೋ ಅಷ್ಟಕ್ಕೆ, ಸ್ವಿಚ್ ಹಾಕಿದರೂ ಹಾಕದಿದ್ದರೂ, ತಿಂಗಳು ತಿಂಗಳು ಕಟ್ಟಬೇಕಾದದ್ದು. ಕಿಲೋವಾಟ್‌ಗೆ 150 ರೂಪಾಯಿ ಎಂದು ಹಿಡಿಯಿರಿ. 32 ಕಿಲೋವಾಟ್‌ಗೆ ವರ್ಷಕ್ಕೆ 57,600 ರೂಪಾಯಿ. ತೆರಿಗೆಯಲ್ಲಿ ಉಳಿದದ್ದು ಹೆಚ್ಚುಕಡಿಮೆ ಮೊದಲ ವರ್ಷದಲ್ಲೇ ಖಾಲಿ.

ಬಳಕೆಯ ಹಣ ಎಷ್ಟು? ಭಾನುವಾರದ ಮೂರು ಪೂಜೆ, ವಾರದ ದಿನಗಳ ಒಂದೊಂದು ಪೂಜೆ ಸೇರಿ ವಾರಕ್ಕೆ 10 ಗಂಟೆ. ಬೇಸಿಗೆಯ 13 ವಾರಕ್ಕೆ 130 ಗಂಟೆ. ಪೂರ್ತಿ ಲೋಡಿನಲ್ಲಿ ಓಡಿದರೆ 4,160 ಯೂನಿಟ್. ಯೂನಿಟ್‌ಗೆ 6 ರೂಪಾಯಿಯಂತೆ ಸುಮಾರು 25,000. ಎಸಿ ಓಡಿಸಲು 25,000, ಎಸಿ ಇಟ್ಟುಕೊಂಡಿದ್ದಕ್ಕೆ 57,600! ಕಚೇರಿಯಲ್ಲಾದರೆ ದಿನಕ್ಕೆ ಎಂಟು ಹತ್ತು ಗಂಟೆ ಓಡುವುದರಿಂದ ಇದು ತಿರುಗುಮುರುಗಾಗುತ್ತದೆ. ಚರ್ಚು ಕಚೇರಿಯಲ್ಲ. ಕಲ್ಯಾಣ ಮಂಟಪದ ಲೆಕ್ಕವನ್ನೂ ಮಾಲ್‌ನ ಲೆಕ್ಕವನ್ನೂ ತಂದು ಇಲ್ಲಿ ಅಂಟಿಸಿದರೆ ಕೂಡುವುದಿಲ್ಲ.

ದರಗಳು ವರ್ಷ ವರ್ಷ ಬದಲಾಗುತ್ತವೆ, ಮೀಟರಿನ ವರ್ಗದ ಮೇಲೂ ಹೆಚ್ಚುಕಮ್ಮಿ ಆಗುತ್ತವೆ. ಮೇಲಿನವು ಲೆಕ್ಕಕ್ಕೆ ಹಿಡಿದ ಅಂದಾಜು ಅಂಕಿಗಳು. ಆದರೆ ಅಂಕಿ ಸ್ವಲ್ಪ ಆಚೀಚೆಯಾದರೂ ಸಾರ ಬದಲಾಗುವುದಿಲ್ಲ.

ಯಾರ ವಾದ ಏನು?

ಎಸಿ ಬೇಕೆನ್ನುವವರ ಮಾತನ್ನು ಆಗಲೇ ನೋಡಿದೆವು: ವಯಸ್ಸಾದವರು, ಗರ್ಭಿಣಿಯರು, ಹಸುಗೂಸುಗಳು. ಮದುವೆಗೆ ಬರುವವರು ಎಸಿ ಇದೆಯೇ ಎಂದು ಕೇಳುತ್ತಾರೆ ಎಂಬುದೂ ಇದಕ್ಕೆ ಸೇರುತ್ತದೆ.

ಬೇಡ ಎನ್ನುವವರಲ್ಲಿ ಎರಡು ಗುಂಪು. ಒಂದು ಗುಂಪಿನದು ನೀತಿಯ ಮಾತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ಹೊರಡಿಸಿದ 'ಲೌದಾತೋ ಸಿ' ಪತ್ರದ 55ನೇ ಪರಿಚ್ಛೇದದಲ್ಲಿ, ಹಾನಿಕರ ಅನುಭೋಗದ ಉದಾಹರಣೆಯಾಗಿ ಎಸಿಯ ಬಳಕೆ ಹೆಚ್ಚುತ್ತಿರುವುದನ್ನೇ ಹೆಸರಿಸಲಾಗಿದೆ. ಬಡವರಿಗೆ ಹೋಗಬೇಕಾದ ಕಾಣಿಕೆ ಹಣ ಕಂಪ್ರೆಸರ್‌ಗೆ ಹೋಗಬೇಕೆ ಎಂಬ ಪ್ರಶ್ನೆ ಅವರದು. ಗಟ್ಟಿ ಪ್ರಶ್ನೆಯೇ. ಆದರೆ ಬೆವರು ಸುರಿಸುತ್ತಾ ಕೂತ ಎಂಬತ್ತರ ಅಜ್ಜಿಗೆ ಪರಿಚ್ಛೇದದ ನಂಬರ್ ಹೇಳಿದರೆ ಉತ್ತರವಾಗುವುದಿಲ್ಲ.

ಎರಡನೇ ಗುಂಪು ಕಟ್ಟಡದ ಕಾಳಜಿಯವರದು. ಮೈಸೂರಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ್ದು 1933ರ ಅಕ್ಟೋಬರ್‌ನಲ್ಲಿ. 175 ಅಡಿಯ ಜೋಡಿ ಗೋಪುರ, ಬಣ್ಣದ ಗಾಜಿನ ಕಿಟಕಿ, ಎತ್ತರದ ಕಮಾನು. ಜರ್ಮನಿಯ ಕಲೋನ್ ಚರ್ಚಿನ ಮಾದರಿ ಎನ್ನುತ್ತಾರೆ. ಚಳಿ ದೇಶದ ಆ ಎತ್ತರ ನಮ್ಮ ಸೆಕೆಯಲ್ಲಿ ನೆರವಿಗೆ ಬರುತ್ತದೆ, ಏಕೆಂದರೆ ಬಿಸಿಗಾಳಿ ಜನರ ತಲೆಗಿಂತ ಬಹಳ ಮೇಲೆ ನಿಲ್ಲುತ್ತದೆ. ಬಲಿಪೀಠದ ಕೆಳಗಿನ ನೆಲಮಾಳಿಗೆಯಂಥ ಜಾಗಗಳಿಗೆ ಹಗಲಿನ ಬಿಸಿ ಅಷ್ಟಾಗಿ ಇಳಿಯುವುದಿಲ್ಲ, ಮಣ್ಣೇ ಅವನ್ನು ಕಾಯುತ್ತದೆ.

ಇಂಥ ಹಳೇ ಕಟ್ಟಡದಲ್ಲಿ ಎಸಿ ಎಂದರೆ ಬರೀ ಪೆಟ್ಟಿಗೆ ತೂಗುಹಾಕುವುದಲ್ಲ. 20 ಎಸಿಗೆ ಗೋಡೆಯಲ್ಲಿ 20 ತೂತು, 20 ನೀರಿನ ಪೈಪು, 32 ಕಿಲೋವಾಟ್ ಹೊರುವ ಹೊಸ ವೈರಿಂಗು. ಗಾರೆಯ ಗೋಡೆ ತೇವ ಹೀರಿ, ಆಮೇಲೆ ಬಿಡುತ್ತಾ ಉಸಿರಾಡುತ್ತಿರುತ್ತದೆ. ಅದರ ಮೇಲೆ ಸಿಮೆಂಟು, ಪ್ಲಾಸ್ಟಿಕ್ ಪೇಂಟು ಮೆತ್ತಿದರೆ ತೇವ ಒಳಗೇ ಕೂತು ಗಾರೆ ಉದುರುತ್ತದೆ. ಪೈಪಿನಿಂದ ತೊಟ್ಟಿಕ್ಕುವ ನೀರು ಅದಕ್ಕೆ ಇನ್ನಷ್ಟು ಜೊತೆಯಾಗುತ್ತದೆ. ವಾರವಿಡೀ ಸೆಕೆ, ಪೂಜೆಯ ಹೊತ್ತಿಗೆ ಮಾತ್ರ ಒಣ ತಂಪು ಎಂಬ ಏರಿಳಿತಕ್ಕೆ ಮರದ ಪ್ರತಿಮೆ, ಪೀಠೋಪಕರಣ ಬಿರುಕು ಬಿಡುವ ಅಪಾಯವೂ ಉಂಟು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿದದ್ದನ್ನು ಕಂಡ ಊರಿಗೆ, ಹಳೇ ಗೋಡೆ ಕೆಣಕುವ ಮುಂಚೆ ಎರಡು ಸಲ ಯೋಚಿಸಿ ಎಂದು ಹೇಳಿಕೊಡಬೇಕಿಲ್ಲ.

ಇನ್ನೂ ಒಂದು ಮಾತು ಯಾರೂ ಅಷ್ಟಾಗಿ ಆಡುವುದಿಲ್ಲ. ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಿರುಗಿ ತಿರುಗಿ ತಂಪು ಮಾಡುತ್ತದೆ. ಕಿಟಕಿ ಮುಚ್ಚಿ 500 ಜನ ಒಂದು ಗಂಟೆ ಕೂತರೆ ಇಂಗಾಲದ ಡೈಆಕ್ಸೈಡ್ ಏರುತ್ತದೆ, ಜೊಂಪು ಹತ್ತುತ್ತದೆ. ಗುರುಗಳ ಪ್ರಬೋಧನೆಯ (ಉಪದೇಶದ) ಹೊತ್ತಿಗೆ ಕಣ್ಣು ಎಳೆದರೆ ತಪ್ಪು ಪೂರ್ತಿ ಅವರದ್ದೇ ಅಲ್ಲ. ಕೆಮ್ಮು ಜ್ವರ ಹರಡುವುದೂ ಹೀಗೆಯೇ. ಕೋವಿಡ್ ಕಾಲದಲ್ಲಿ ಎಲ್ಲರೂ ಕಲಿತ ಪಾಠ ಇದು, ಮರೆತದ್ದೂ ಬೇಗ.

ಚಳಿ ದೇಶದವರು ಕಂಡುಕೊಂಡದ್ದು

ಯುರೋಪಿನ ಚರ್ಚುಗಳಿಗೆ ತೊಂದರೆ ಚಳಿಯದು. ಕಾರಣ ಮಾತ್ರ ಒಂದೇ: ದೊಡ್ಡ ಕಟ್ಟಡ, ಕೆಲವೇ ಗಂಟೆಗಳ ಬಳಕೆ. ಭಾನುವಾರ ಒಂದು ಗಂಟೆಯ ಆರಾಧನೆಗಾಗಿ ಇಡೀ ಕಟ್ಟಡ ಬಿಸಿ ಮಾಡಿದರೆ ಬಿಸಿಗಾಳಿಯೆಲ್ಲ ಕಮಾನಿಗೆ ಏರುತ್ತಿತ್ತು. ಜನರ ಕಾಲು ಮರಗಟ್ಟುತ್ತಿತ್ತು, ಮೇಲಿನ ಚಿತ್ರಗಳು ಬಿರಿಯುತ್ತಿದ್ದವು.

2002ರಿಂದ 2005ರ ನಡುವೆ ಯುರೋಪಿಯನ್ ಒಕ್ಕೂಟದ ಒಂದು ಯೋಜನೆಯಲ್ಲಿ, ಇಟಲಿಯ ಬೆಟ್ಟದೂರು ರೊಕ್ಕಾ ಪಿಯೆತೊರೆಯ ಚರ್ಚಿನಲ್ಲಿ ಬೇರೆ ದಾರಿ ಹಿಡಿದರು. ಬೆಂಚುಗಳಿಗೇ ಕಡಿಮೆ ಉಷ್ಣದ ಹಾಳೆಗಳನ್ನು ಅಳವಡಿಸಿ, ಕೂತವರ ಕಾಲು ಕೈಗೆ ಮಾತ್ರ ಬಿಸಿ ತಾಗುವಂತೆ ಮಾಡಿದರು. ಕಟ್ಟಡ ತಣ್ಣಗೇ ಉಳಿಯಿತು, ಜನ ಬೆಚ್ಚಗಾದರು. ಪೂಜಾಸ್ಥಳಗಳನ್ನು ಬಿಸಿ ಮಾಡುವ ಬಗ್ಗೆ 2011ರಲ್ಲಿ ಯುರೋಪಿನಲ್ಲಿ ಒಂದು ಮಾನಕವೇ ಬಂತು.

ನಮ್ಮಲ್ಲಿ ಬೆಂಚಿನಲ್ಲಿ ಕೂತವರಿಗೆ ಮಾತ್ರ ತಂಪು ಮುಟ್ಟಿಸುವ ಯಂತ್ರ ಯಾವುದು? ಹೊಸದೇನಲ್ಲ. ಫ್ಯಾನು.

ಫ್ಯಾನ್ ಇದೆ, ಗಾಳಿ ಎಲ್ಲಿ?

ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಮೈಮೇಲಿನ ಬೆವರು ಆರಿಸುತ್ತದೆ. ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿ ಮೈಗೆ ಸೋಕಿದರೆ ಎರಡು ಮೂರು ಡಿಗ್ರಿ ಕಡಿಮೆಯಾದಂತೆ ಅನಿಸುತ್ತದೆ. ಭಾರತೀಯರ ಮೇಲೆ ನಡೆದ ಅಧ್ಯಯನಗಳಿಂದ 2014ರಲ್ಲಿ ರೂಪುಗೊಂಡ ಆರಾಮದ ಸೂತ್ರವೂ (ಇದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿದೆ) ಇದಕ್ಕೆ ಹತ್ತಿರದ ಮಾತು ಹೇಳುತ್ತದೆ. ಕಿಟಕಿ ತೆರೆದಿರುವ ಕಟ್ಟಡದಲ್ಲಿ, ಹೊರಗಿನ ತಿಂಗಳ ಸರಾಸರಿ ಉಷ್ಣ 28 ಇದ್ದರೆ, ಒಳಗೆ 28 ಡಿಗ್ರಿ ನಮ್ಮವರಿಗೆ ಹಿತವೇ. ಇನ್ನೆರಡು ಡಿಗ್ರಿ ಏರಿದರೂ ಬಹುಪಾಲು ಜನ ತಡೆದುಕೊಳ್ಳುತ್ತಾರೆ. ಫ್ಯಾನಿನ ಎರಡು ಮೂರು ಡಿಗ್ರಿಯನ್ನೂ ಕೂಡಿಸಿದರೆ 32-33ರ ತನಕ ಎಸಿ ಇಲ್ಲದೆ ಸಾಗುತ್ತದೆ. ಒಳಗಿನ ಬಿಸಿ ಅದಕ್ಕಿಂತ ಏರದಂತೆ ನೋಡಿಕೊಳ್ಳುವುದೇ ನಿಜವಾದ ಕೆಲಸ.

ಅನೇಕ ಚರ್ಚುಗಳಲ್ಲಿ ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಬರುವುದಿಲ್ಲ. ಕಾರಣ ಎತ್ತರ. ಮನೆಯ ಫ್ಯಾನನ್ನೇ ತಂದು ಆರು ಮೀಟರ್ ಮೇಲೆ ಗಿಡ್ಡ ರಾಡಿಗೆ ಕಟ್ಟಿದರೆ ಗಾಳಿ ಕೆಳಗೆ ಮುಟ್ಟುವಷ್ಟರಲ್ಲಿ ಸೋತಿರುತ್ತದೆ. ಮೇಲೆ ನಿಂತ ಬಿಸಿಗಾಳಿಯನ್ನು ಕಲಕುವುದಷ್ಟೇ ಅದರ ಸಾಧನೆ. ಉದ್ದ ರಾಡು ಹಾಕಿ ನೆಲದಿಂದ ಮೂರು ಮೀಟರಿನೊಳಗೆ ಇಳಿಸಿದರೆ ಅದೇ ಫ್ಯಾನು ಅದೇ ಕರೆಂಟಿನಲ್ಲಿ ಬೇರೆಯೇ ಆಗುತ್ತದೆ. ಕಂಬಗಳಿಗೆ ವಾಲ್ ಫ್ಯಾನ್ ಕೂಡ ಸರಿಯೇ, ಮೈಕಿನ ಮುಂದೆ ಬೀಸದಿದ್ದರೆ ಸಾಕು. 15-20 ಅಡಿಯ ಭಾರಿ ಫ್ಯಾನುಗಳನ್ನು ಹೆಂಚಿನ ಮಾಡಿಗೆ ತೂಗುಹಾಕುವ ಸಾಹಸ ಬೇಡ, ತೂಕ ಹೊರುವ ತೊಲೆ ಬೇಕು.

ಕಡಿಮೆ ಕರೆಂಟಿನಲ್ಲಿ ತಿರುಗುವ ಬಿಎಲ್‌ಡಿಸಿ ಫ್ಯಾನ್ ಬಗ್ಗೆಯೂ ಒಂದು ಮಾತು. ಹಳೇ ಫ್ಯಾನ್ 75 ವಾಟ್, ಇದು 30. ಅರ್ಧಕ್ಕಿಂತ ಹೆಚ್ಚು ಉಳಿತಾಯ, ನಿಜ. ಆದರೆ 40 ಫ್ಯಾನ್ ಬದಲಿಸಲು 3,000ದಂತೆ 1.2 ಲಕ್ಷ ಬೇಕು. ವಾರಕ್ಕೆ 10 ಗಂಟೆ ತಿರುಗಿದರೆ ವರ್ಷಕ್ಕೆ ಉಳಿಯುವುದು 936 ಯೂನಿಟ್, ಸುಮಾರು 5,600 ರೂಪಾಯಿ. ಹಾಕಿದ ಹಣ ಹುಟ್ಟಲು 20 ವರ್ಷ ದಾಟುತ್ತದೆ. ಅದೇ ಕಾಂಪೌಂಡಿನ ಶಾಲೆಯಲ್ಲಿ, ದಿನಕ್ಕೆ ಎಂಟು ಗಂಟೆ, ವರ್ಷಕ್ಕೆ 220 ದಿನ ತಿರುಗುವ ಫ್ಯಾನ್ ಬದಲಿಸಿದರೆ ಆರೇಳು ವರ್ಷದಲ್ಲೇ ಹುಟ್ಟುತ್ತದೆ. ಹಾಗಾಗಿ ಚೆನ್ನಾಗಿ ತಿರುಗುತ್ತಿರುವ ಚರ್ಚಿನ ಫ್ಯಾನ್ ಕಿತ್ತು ಗುಜರಿಗೆ ಹಾಕುವುದು ಉಳಿತಾಯವಲ್ಲ. ಕೆಟ್ಟಾಗ ಹೊಸದನ್ನು ಹಾಕಿ, ಮೊದಲ ಸರದಿ ಶಾಲೆಗೆ ಕೊಡಿ. ದೀಪಗಳ ಕಥೆಯೂ ಇದೇ.

ಸೋಲಾರ್: ಬಿಸಿಲು ಏಳು ದಿನ, ಪೂಜೆ ಹತ್ತು ಗಂಟೆ

ಚಾವಣಿ ಸೋಲಾರ್‌ಗೆ ಕೇಂದ್ರ ಸರ್ಕಾರ ನೆರವು ಕೊಡುವ ಪಿಎಂ ಸೂರ್ಯ ಘರ್ ಯೋಜನೆ ಶುರುವಾದದ್ದು 2024ರ ಫೆಬ್ರವರಿಯಲ್ಲಿ. ಮೂರು ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ. ಹೆಸರಲ್ಲೇ 'ಘರ್' ಇದೆ, ಅದು ಮನೆಗಳಿಗೆ. ಚರ್ಚು, ದೇವಸ್ಥಾನ, ಮಸೀದಿ ಮನೆಯಲ್ಲ. ತೆರಿಗೆ ಇಳಿಕೆ ಎಲ್ಲರಿಗೂ, ಸಬ್ಸಿಡಿ ಮನೆಗಷ್ಟೇ. ಇವೆರಡನ್ನು ಬೆರೆಸಿದ್ದೇ ಗೊಂದಲದ ಅರ್ಧ ಭಾಗ.

ಇನ್ನರ್ಧ ಬಳಕೆಯದು. ನಮ್ಮ ಭಾಗದಲ್ಲಿ ಒಂದು ಕಿಲೋವಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ಐದು ಕಿಲೋವಾಟ್ ಕೂರಿಸಿದರೆ ವರ್ಷಕ್ಕೆ 7,300 ಯೂನಿಟ್. ಎಸಿ ಇಲ್ಲದ ಚರ್ಚಿನ 40 ಹಳೇ ಫ್ಯಾನು ವರ್ಷಕ್ಕೆ ತಿನ್ನುವುದು ಸುಮಾರು 1,560 ಯೂನಿಟ್. ದೀಪ, ಮೈಕು ಸೇರಿದರೂ ಐದು ಕಿಲೋವಾಟ್ ದೊಡ್ಡದಾಯಿತು. ಮಿಕ್ಕಿದ್ದು ಗ್ರಿಡ್‌ಗೆ ಹೋಗುತ್ತದೆ, ಅದಕ್ಕೆ ಸಿಗುವ ದರ ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಸೋಲಾರ್ ಹಾಕಿದರೂ ನಿಗದಿತ ಶುಲ್ಕ ತಪ್ಪುವುದಿಲ್ಲ. ಎಸಿಯನ್ನು ಸೋಲಾರ್‌ನಲ್ಲಿ ಓಡಿಸುತ್ತೇವೆ ಎಂಬ ಮಾತು ಕೇಳಲು ಚಂದ, ಆದರೆ ಎಸಿ ತಂದ 57,600 ಹಾಗೇ ಉಳಿಯುತ್ತದೆ.

ಸೋಲಾರ್ ಬೇಡವೆಂದಲ್ಲ. ವ್ಯಾಟಿಕನ್‌ನ ಆರನೇ ಪೌಲ್ ಸಭಾಂಗಣದ ಮೇಲೆ 2008ರಲ್ಲೇ ಸುಮಾರು 2,400 ಪ್ಯಾನೆಲ್ ಬಂದವು. ಇಂಗ್ಲೆಂಡಿನಲ್ಲಿ ಕೇಂಬ್ರಿಡ್ಜ್‌ನ ಕಿಂಗ್ಸ್ ಕಾಲೇಜು ಚಾಪೆಲ್ ಮೇಲೆ 2023ರಲ್ಲಿ 438 ಪ್ಯಾನೆಲ್ ಕೂರಿಸಿದರು, ಪರಂಪರೆಯ ಕಟ್ಟಡವೆಂಬ ವಿರೋಧ ಎದುರಿಸಿಯೇ. ಆದರೆ ಅಲ್ಲಿ ಸುತ್ತಲೂ ವಾರವಿಡೀ ಕರೆಂಟು ಬಳಸುವ ಕಟ್ಟಡಗಳಿವೆ. ನಮ್ಮಲ್ಲೂ ಅಂಥವು ಇವೆ: ಶಾಲೆ, ಹಾಸ್ಟೆಲ್, ಆಸ್ಪತ್ರೆ, ವೃದ್ಧಾಶ್ರಮ. ಹಗಲು ಹೊತ್ತು, ವಾರದ ಆರು ದಿನ ಕರೆಂಟು ಉರಿಯುವುದು ಅಲ್ಲಿ. ಪ್ಯಾನೆಲ್‌ಗೆ ಅಲ್ಲಿನ ಚಪ್ಪಟೆ ತಾರಸಿಯೇ ಸರಿಯಾದ ಜಾಗ, ಗೋಪುರದ ಅಂದವೂ ಕೆಡುವುದಿಲ್ಲ. ಅರ್ಜಿ ಹಾಕುವ ಮುಂಚೆ ಯಾವ ಆರ್‌ಆರ್ ನಂಬರಿನ ಮೀಟರಿಗೆ ಸೋಲಾರ್ ಜೋಡಿಸುತ್ತೀರಿ ಎಂಬುದನ್ನು ನಮ್ಮ ಭಾಗಕ್ಕೆ ಕರೆಂಟು ಕೊಡುವ ಸೆಸ್ಕ್ ಕಂಪನಿಯ ಕಚೇರಿಯಲ್ಲಿ ಖಚಿತ ಮಾಡಿಕೊಳ್ಳಬೇಕು. ಒಂದೇ ಕಾಂಪೌಂಡಾದರೂ ಚರ್ಚು, ಶಾಲೆ, ಗುರುಗಳ ಮನೆ, ಸಭಾಂಗಣಗಳಿಗೆ ಬೇರೆ ಬೇರೆ ಮೀಟರು, ಬೇರೆ ದರದ ವರ್ಗ ಇರಬಹುದು.

ಯಾವುದು ಮೊದಲು?

ಕ್ರಮ ತಲೆಕೆಳಗಾದರೆ ಹಣ ಪೋಲು. ಬಿಸಿ ಬರುವುದು ಚಾವಣಿಯಿಂದ, ಆದ್ದರಿಂದ ಕೆಲಸವೂ ಅಲ್ಲಿಂದಲೇ. ಆರ್‌ಸಿಸಿ ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲು ಹಿಂದಕ್ಕೆ ಹೊಡೆಯುವ ಬಿಳಿ ಬಣ್ಣ ಬಳಿದರೆ ಒಳಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ತೆಲಂಗಾಣ 2023ರಲ್ಲಿ ಇದಕ್ಕೆಂದೇ ನೀತಿ ತಂದಿದೆ. ಹೆಂಚಿಗೆ ಸುಣ್ಣ ಬೇಡ. ಒಡೆದದ್ದು ಬದಲಿಸಿ, ಮಾಡಿನ ತುದಿಯ ಗಾಳಿಕಂಡಿ ತೆರೆದರೆ ಸಾಕು.

ಆಮೇಲೆ ಕಿಟಕಿ. ಏಪ್ರಿಲ್‌ನ ಹಗಲಿಗೂ ರಾತ್ರಿಗೂ 13-14 ಡಿಗ್ರಿ ಅಂತರ ಇದೆ. ರಾತ್ರಿ ಕಿಟಕಿ ತೆರೆದಿಟ್ಟು ದಪ್ಪ ಗೋಡೆಗಳನ್ನು ತಣಿಸಿ, ಬೆಳಗಿನ ಪೂಜೆ ಮುಗಿದ ಮೇಲೆ ಮುಚ್ಚಿದರೆ ಮಧ್ಯಾಹ್ನದ ತನಕ ಆ ತಂಪು ಉಳಿಯುತ್ತದೆ. ಜನ ಸೇರಿದಾಗ ಮತ್ತೆ ತೆರೆಯಬೇಕು. ನಡೆಯುತ್ತಿರುವುದು ಇದರ ಉಲ್ಟಾ. ಕಳ್ಳರ ಭಯ, ಪಾರಿವಾಳದ ಕಾಟ, ಸೊಳ್ಳೆ ಎಂದು ರಾತ್ರಿಯೆಲ್ಲ ಬೀಗ. ಕಾರಣಗಳು ಸುಳ್ಳಲ್ಲ, ಆದರೆ ಕಬ್ಬಿಣದ ಸರಳು ಮತ್ತು ಜಾಲರಿಗೆ ಆಗುವ ಖರ್ಚು ಒಂದೆರಡು ಎಸಿಯ ಬೆಲೆ ಇರಬಹುದು. ಎಸಿಗಿಂತ ಇಲ್ಲಿ ಮುಖ್ಯವಾದವರು ಬೀಗದ ಕೈ ಇಟ್ಟುಕೊಂಡಿರುವವರು.

ಫ್ಯಾನು ಕೆಳಗಿಳಿಸುವುದು ಮೂರನೆಯದು. ಇಷ್ಟಾದ ಮೇಲೂ ಶುಭ ಶುಕ್ರವಾರ ಮಧ್ಯಾಹ್ನ ಬೆಂಚಿನ ಎತ್ತರದಲ್ಲಿ ಥರ್ಮಾಮೀಟರ್ 34 ತೋರಿಸಿದರೆ ಆಗ ಎಸಿಯ ಮಾತು. ಆಗಲೂ ಇಡೀ ಚರ್ಚಿಗಲ್ಲ. ಪಕ್ಕದ ಒಂದು ಕೋಣೆಗೆ ಎರಡು ಎಸಿ, ಗಾಜಿನ ಕಿಟಕಿ, ಒಂದು ಸ್ಪೀಕರ್ ಹಾಕಿದರೆ ಹಿರಿಯರಿಗೂ ಎಳೆ ಮಕ್ಕಳ ತಾಯಂದಿರಿಗೂ ಜಾಗವಾಗುತ್ತದೆ. ಲೋಡು 32ರ ಬದಲು 3.2 ಕಿಲೋವಾಟ್‌ನಲ್ಲಿ ಮುಗಿಯುತ್ತದೆ. ಶುಭ ಶುಕ್ರವಾರದ ಪ್ರಾರ್ಥನೆಯನ್ನು ಮೂರರ ಬದಲು ಸಂಜೆಗೆ ಇಟ್ಟುಕೊಳ್ಳಲು ಕಥೋಲಿಕ ವಿಧಿಯಲ್ಲೇ ಅವಕಾಶ ಇದೆ. ಆದರೆ ಆರ್‌ಸಿಸಿ ಚಾವಣಿಯ ಚರ್ಚಿನಲ್ಲಿ, ಸುಣ್ಣ ಬಳಿಯದೆ ಸಂಜೆಗೆ ಹಾಕಿದರೆ ತಾರಸಿ ಬಿಸಿ ಸುರಿಯುವ ಹೊತ್ತಿಗೇ ಜನರನ್ನು ಕೂರಿಸಿದ ಹಾಗಾಗುತ್ತದೆ.

ಸುಣ್ಣಕ್ಕೆ ಒಣ ಹವೆ ಬೇಕು, ಎರಡು ಮೂರು ಕೈ ಬಳಿಯಬೇಕು. ಪವಿತ್ರ ವಾರ ಶುರುವಾಗುವ ಗರಿಗಳ ಭಾನುವಾರ 2026ರಲ್ಲಿ ಮಾರ್ಚ್ 29ಕ್ಕೇ. ಏಣಿ, ಬ್ರಷ್ಷು ಹೊರಗೆ ಬರಬೇಕಾದದ್ದು ಜನವರಿ, ಫೆಬ್ರವರಿಯಲ್ಲಿ.